ಕಿವಿಯೊಳಗೆ ಕೀರ್ ಸದ್ದು, ಹೊರಗಿನ ಸದ್ದೂ ಚುಚ್ಚುತ್ತದೆ: ಏನು ಮಾಡಲಿ?

ಪ್ರಶ್ನೆ: ಮೇಡಂ, ನಾಲ್ಕು ತಿಂಗಳಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಕೀರ್ ಅಂತ ಕೇಳಿಸುತ್ತಿದೆ. ಈಗೀಗ ತಟ್ಟೆ ಮೇಲೆ ಚಮಚ ಬಿದ್ದರೂ, ಮಗ ಜೋರಾಗಿ ನಕ್ಕರೂ ಕಿವಿಗೆ ಚುಚ್ಚಿದಂತಾಗುತ್ತದೆ. ಅದಕ್ಕೇ ಇಡೀ ದಿನ ಇಯರ್‌ಪ್ಲಗ್ ಹಾಕಿಕೊಂಡೇ ಇರುತ್ತೇನೆ. ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್ ಅಂದರು. ಹಾಗಾದರೆ ಇದು ಬರೀ ನನ್ನ ಭ್ರಮೆಯಾ?

ಉತ್ತರ (ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ): ಖಂಡಿತ ಭ್ರಮೆ ಅಲ್ಲ. ಸಾಮಾನ್ಯ ಶ್ರವಣ ಪರೀಕ್ಷೆ 8000 ಹರ್ಟ್ಸ್‌ವರೆಗೆ ಮಾತ್ರ ನೋಡುತ್ತದೆ. ಅದಕ್ಕಿಂತ ಮೇಲಿನ ಸ್ವರಗಳಲ್ಲಿ ಅಥವಾ ನರದ ಜೋಡಣೆಯಲ್ಲಿ ಸಣ್ಣ ಪೆಟ್ಟು ಬಿದ್ದಿದ್ದರೆ ಅದು ಅಲ್ಲಿ ಕಾಣುವುದೇ ಇಲ್ಲ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆಗ ಒಳಗಿನ ನರಗಳ ಚಟುವಟಿಕೆಯೇ ಕೀರ್ ಅಂತ ಕೇಳಿಸುತ್ತದೆ, ಹೊರಗಿನ ಸಣ್ಣ ಸದ್ದೂ ಅಬ್ಬರವಾಗಿಬಿಡುತ್ತದೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಮೊದಲನೆಯದು ಟಿನ್ನಿಟಸ್, ಎರಡನೆಯದು ಹೈಪರ್‌ಅಕ್ಯೂಸಿಸ್. ಎಷ್ಟೋ ಜನರಿಗೆ ಎರಡೂ ಒಟ್ಟಿಗೇ ಬರುತ್ತವೆ.

ನನಗೆ ಚಿಂತೆ ಆಗಿದ್ದು ನಿಮ್ಮ ಇಯರ್‌ಪ್ಲಗ್ ನೋಡಿ. ಕಿವಿ ಮುಚ್ಚಿದಷ್ಟೂ ಮಿದುಳು ಆ ವಾಲ್ಯೂಮನ್ನು ಇನ್ನೂ ಏರಿಸುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚೆನ್ನಾಗಿ ಕೇಳಿಸುವವರಿಗೇ ಎರಡು ವಾರ ಇಯರ್‌ಪ್ಲಗ್ ಹಾಕಿಸಿದರು. ಅವರಿಗೆ ಸದ್ದು ಮೊದಲಿಗಿಂತ ಜೋರಾಗಿ ಕೇಳತೊಡಗಿತು. ಮೆಲ್ಲನೆಯ ಸದ್ದು ಸದಾ ಕೇಳಿಸಿಕೊಂಡವರಿಗೆ ಇದರ ಉಲ್ಟಾ ಆಯಿತು, ಸಹಿಸುವ ಶಕ್ತಿ ಹೆಚ್ಚಿತು.

ಹಾಗಂತ ಒಂದೇ ದಿನಕ್ಕೆ ಕಿತ್ತೆಸೆಯಬೇಡಿ. ಮೊದಲು ಮನೆ ಶಾಂತವಾಗಿರುವ ಹೊತ್ತಲ್ಲಿ ಅರ್ಧ ಗಂಟೆ ತೆಗೆದಿಡಿ. ಫ್ಯಾನ್ ಅಥವಾ ಮಳೆಯ ಸದ್ದು ಸಣ್ಣಗೆ ಇರಲಿ, ಒಳಗಿನ ಕೀರ್ ಸದ್ದನ್ನು ಪೂರ್ತಿ ಮುಳುಗಿಸುವಷ್ಟು ಬೇಡ. ನೋವಾಗುವಷ್ಟು ಜೋರೂ ಬೇಡ. ಕೆಲವು ದಿನ ಬಿಟ್ಟು ಹೊತ್ತು ಹೆಚ್ಚಿಸಿ. ಡ್ರಿಲ್ಲಿಂಗ್, ಲೌಡ್‌ಸ್ಪೀಕರ್ ಇರುವ ಕಡೆ, ಅಂದರೆ 85 ಡೆಸಿಬಲ್ ದಾಟುವ ಜಾಗದಲ್ಲಿ ಮಾತ್ರ ಇಯರ್‌ಪ್ಲಗ್ ಬೇಕೇ ಬೇಕು. ಸದ್ದು ಕಂಡರೆ ಭಯ, ನಿದ್ದೆ ಇಲ್ಲ ಅನ್ನುವ ಹಂತಕ್ಕೆ ಹೋಗಿದ್ದರೆ ಸಿಬಿಟಿ (ಯೋಚನೆ, ನಡವಳಿಕೆಯ ರೀತಿ ಬದಲಿಸಿಕೊಳ್ಳಲು ಕಲಿಸುವ) ಆಪ್ತಸಮಾಲೋಚನೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅದು ಕೀರ್ ಸದ್ದನ್ನು ಅಳಿಸುವುದಿಲ್ಲ, ಅದರಿಂದಾಗುವ ಹಿಂಸೆಯನ್ನು ಕಡಿಮೆ ಮಾಡುತ್ತದೆ.

ಪ್ರಶ್ನೆ (ಇನ್ನೊಬ್ಬರು): ಮೇಡಂ, ನಮ್ಮ ಅತ್ತೆಗೆ ಒಂದೇ ಕಿವಿಯಲ್ಲಿ ಎದೆಬಡಿತದ ಲಯಕ್ಕೆ ಡಬ್ ಡಬ್ ಅನ್ನುತ್ತದಂತೆ. ಅವರೂ ಹೀಗೇ ಮಾಡಬಹುದಾ?

ಉತ್ತರ: ಬೇಡ, ಅದು ಬೇರೆ ವಿಷಯ. ನಾಡಿಯ ಜೊತೆ ಬಡಿಯುವ ಸದ್ದು ರಕ್ತನಾಳದ ತೊಂದರೆಯಿಂದ ಬರಬಹುದು, ಅದಕ್ಕೆ ಸ್ಕ್ಯಾನ್ ಕೂಡ ಬೇಕಾಗಬಹುದು. ಈ ವಾರವೇ ಇಎನ್‌ಟಿ ವೈದ್ಯರಿಗೆ ತೋರಿಸಿ. ಅದರ ಮಧ್ಯೆ ಆ ಕಿವಿ ದಿಢೀರ್ ಅಂತ ಮಂದವಾದರೆ ವಾರ ಕಾಯಬೇಡಿ, ಅವತ್ತೇ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಮೊದಲ ಕೆಲವು ದಿನಗಳಲ್ಲೇ ಹೆಚ್ಚು ಕೆಲಸ ಮಾಡುತ್ತದೆ.