ಶೇಂಗಾ ಉಂಡೆಯ ಪರೀಕ್ಷೆ

ಬಸವರಾಜ: (ವಿಡಿಯೊ) ಚಿನ್ನುವಿನ ಮುಂದೆ ಒಂದು ಶೇಂಗಾ ಉಂಡೆ ಇಟ್ಟು, ‘15 ನಿಮಿಷ ತಿನ್ನದೆ ಕಾದರೆ ಇನ್ನೊಂದು’ ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಾಹಾ! ಈ ಹುಡುಗ ಓದುವುದು ಕಷ್ಟ. ಹೀಗೆ ಕಾಯುವ ಮಕ್ಕಳೇ ಮುಂದೆ ಚೆನ್ನಾಗಿ ಓದುತ್ತಾರೆ ಎಂದು ಅಮೆರಿಕದವರು ಎಂದೋ ತೋರಿಸಿಕೊಟ್ಟಿದ್ದಾರೆ.

ವೀರೇಶ: ನಾನೂ ಹಾಗೆಯೇ ಇದ್ದೆ ಕಾಕಾ. ಅದಕ್ಕೇ ಬಳ್ಳಾರಿಯಲ್ಲಿ ಕುಳಿತು ಸಾಲದ ಕಂತು ಕಟ್ಟುತ್ತಿದ್ದೇನೆ.

ಶಾಂತಾ: ಬಸವರಾಜ, ಒಂದು ಮಗು, ಒಂದು ಉಂಡೆ, ಒಂದೇ ಸಲ. ಇದನ್ನು ಪ್ರಯೋಗ ಎಂದು ಬರೆದುಕೊಟ್ಟರೆ ನಮ್ಮ ಮೇಡಂ ನನ್ನ ನೋಟ್‌ಬುಕ್ ಎಸೆಯುತ್ತಾರೆ.

ಬಸವರಾಜ: ವೈನಿ, 52ಕ್ಕೆ ಮನಃಶಾಸ್ತ್ರದ ಎಂ.ಎ. ಸೇರಿದಾಗಿನಿಂದ ನಿಮಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ. ನನಗೆ ಬಂದ ಸಂದೇಶದಲ್ಲಿ ಹೆಸರೂ ಇದೆ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ವಾಲ್ಟರ್ ಮಿಷೆಲ್. ಅವರು ಸುಳ್ಳು ಹೇಳಿದರೇ?

ಶಾಂತಾ: ಸುಳ್ಳಲ್ಲ. ಆದರೆ ಅವರು 1960ರ ದಶಕದ ಕೊನೆಯಲ್ಲಿ ನೋಡಿದ್ದು ಆ ವಿಶ್ವವಿದ್ಯಾಲಯದ ಶಿಶುವಿಹಾರದ ಮಕ್ಕಳನ್ನು. 2018ರಲ್ಲಿ ಬೇರೆಯವರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು ನೋಡಿದರು. ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ಮೊದಲು ಕಂಡದ್ದರ ಅರ್ಧಕ್ಕೆ ಇಳಿದಿತ್ತು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದಾಗ ಉಳಿದದ್ದೂ ಬಹುಪಾಲು ಕರಗಿತು.

ಬಸವರಾಜ: ನಂಟು ಇತ್ತು ಎಂದು ನೀವೇ ಒಪ್ಪಿದಿರಲ್ಲ!

ಶಾಂತಾ: ನಮ್ಮ ಓಣಿಯಲ್ಲಿ ಕೂಲರ್ ಇರುವ ಮನೆಯ ಮಕ್ಕಳೇ ಹೆಚ್ಚು ಅಂಕ ತೆಗೆಯುತ್ತಾರೆ. ಕೂಲರಿಗೆ ಗಣಿತ ಬರುತ್ತದೆಯೇ? (ನಗಬೇಡಿ, ಇದು ನನ್ನ ತಲೆಗೆ ಹೋಗಲು ಮೂರು ವಾರ ಬೇಕಾಯಿತು. ಎಸ್ಸೆಸ್ಸೆಲ್ಸಿ ಆದ ಮೇಲೆ ಲೆಕ್ಕ ಮುಟ್ಟಿದವಳಲ್ಲ ನಾನು.) 2013ರ ಇನ್ನೊಂದು ಪ್ರಯೋಗ ಕೇಳಿ. 28 ಮಕ್ಕಳು. ಅರ್ಧ ಮಕ್ಕಳಿಗೆ ಮೊದಲು ‘ಚೆಂದದ ಬಣ್ಣಗಳನ್ನು ತರುತ್ತೇನೆ’ ಎಂದು ಹೇಳಿ ಹೋದ ಸಂಶೋಧಕರು ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟರೆ, ಆ ಮಕ್ಕಳು ಕಾದದ್ದು ಸರಾಸರಿ 3 ನಿಮಿಷ. ಹೇಳಿದ್ದನ್ನು ತಂದುಕೊಟ್ಟಿದ್ದ ಕಡೆ 12 ನಿಮಿಷ.

ಬಸವರಾಜ: 28 ಅಂದರೆ ಅದೂ ಸಣ್ಣ ಲೆಕ್ಕವೇ, ವೈನಿ.

ಶಾಂತಾ: ಸಣ್ಣದೇ. ಈಗ ಸರಿಯಾದ ಪ್ರಶ್ನೆ ಕೇಳಿದಿರಿ. ಆದರೆ ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಅಲ್ಲಿ ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಸಿರಿವಂತರ ಮಕ್ಕಳೆಲ್ಲ ಒಂದೇ ಕಡೆ ಸೇರಿದ್ದರು ಎನ್ನುವ ಹಾಗಿಲ್ಲ.

ಮಂಜುಳಾ: ಮಾವ, ಗವಿಮಠದ ಜಾತ್ರೆಯಲ್ಲಿ ಚಿನ್ನುವಿಗೆ ತುತ್ತೂರಿ ಕೊಡಿಸುತ್ತೇನೆ ಎಂದಿದ್ದಿರಿ. ಅವನು ಇನ್ನೂ ಕೇಳುತ್ತಿದ್ದಾನೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಶಾಂತಾ: ವಿಡಿಯೊ ಎಲ್ಲಿ ಹೋಯಿತು?

ಬಸವರಾಜ: ವೀರೇಶ, ಜವಾಹರ ರಸ್ತೆಯ ಯಾವ ಅಂಗಡಿಯಲ್ಲಿ ತುತ್ತೂರಿ ಸಿಗುತ್ತದೆ?

ವೀರೇಶ: ನಾನು ಬಳ್ಳಾರಿಯಲ್ಲಿದ್ದೇನೆ ಕಾಕಾ.