ಬಿಲ ಎಣಿಸಿದ್ರೆ ಏಡಿ ಎಣಿಸಿದ ಹಾಗಾ?

ಕೆಸರುಕಾಲು:

ಎಲ್ರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಅಂತ ಮ್ಯಾಂಗ್ರೋವ್ ಕೆಸರಲ್ಲಿ ಫಿಡ್ಲರ್ ಏಡಿ ಎಣಿಸ್ತಾ ಇದೀನಿ, ಗಂಡಿಗೆ ಒಂದೇ ಒಂದು ಕೈ ಮೈಯಷ್ಟು ದಪ್ಪ ಇರುತ್ತಲ್ಲ ಅದೇ. ಒಂದು ಮೀಟರ್ ಚೌಕದ ಪೈಪ್ ಫ್ರೇಮ್ ಇಡೋದು, ಒಳಗೆ ಎಷ್ಟು ಬಿಲ ಇದೆ ಅಂತ ಎಣಿಸೋದು, ಬರ್ಕೊಳ್ಳೋದು, ಕಾಲು ಕಿತ್ಕೊಂಡು ಮುಂದಿನ ಜಾಗಕ್ಕೆ ಹೋಗೋದು. ಇದೇ ಕೆಲಸ ಮೂರು ತಿಂಗಳಿಂದ.

ಮೊನ್ನೆ ಒಂದು ಫ್ರೇಮಲ್ಲಿ 38 ಬಿಲ ಸಿಕ್ತು, ಪಕ್ಕದ್ರಲ್ಲಿ ಬರೀ 6. ಸುಸ್ತಾಗಿ ಆ 38ರ ಫ್ರೇಮ್ ಹತ್ರನೇ ಸ್ವಲ್ಪ ದೂರದಲ್ಲಿ ಅಲ್ಲಾಡದೆ ಕೂತಿದ್ದೆ, ಕಾಲು ಗಂಟೆ ಆದ್ಮೇಲೆ ಒಂದೊಂದಾಗಿ ಹೊರಗೆ ಬಂದ್ವು, ಎಣಿಸಿದ್ರೆ 17. ಅದ್ರಲ್ಲಿ 13 ಗಂಡು! ಇನ್ನೂ ಅರ್ಧ ಗಂಟೆ ಕೂತೆ, 18ನೇದು ಬರ್ಲೇ ಇಲ್ಲ. ಈಗ ಡೆನ್ಸಿಟಿ ಅಂತ ಏನು ಬರೀಲಿ, 38 ಅಂತನಾ 17 ಅಂತನಾ? ಇಷ್ಟು ದಿನ ಎಣಿಸಿದ್ದೆಲ್ಲ ಬರೀ ತೂತುಗಳ ಲೆಕ್ಕ ಆಯ್ತಾ ಅಂತ ರಾತ್ರಿ ನಿದ್ದೆ ಬರ್ತಿಲ್ಲ.

ಜೊತೆಗೆ ಇನ್ನೊಂದು ಡೌಟು. ಕಣ್ಣೆದುರಿಗಿರೋ ಒಂದು ಚದರ ಮೀಟರ್ ಕೆಸರಲ್ಲೇ ನಂಗೆ ಹೀಗಾದ್ರೆ, ಸಮುದ್ರದೊಳಗಿರೋ ಆಮೆ, ಶಾರ್ಕು, ಕಡಲಹಸು ಇವುಗಳ ಸಂಖ್ಯೆ ಇಷ್ಟು ಸಾವಿರ ಅಂತ ಹೇಗೆ ಅಷ್ಟು ಧೈರ್ಯವಾಗಿ ಬರೀತಾರೆ?

ಏಡಿಗುಳಿ:

ನಿದ್ದೆ ಮಾಡಿ ಮೇಡಂ, ಇದು ಏಡಿ ಎಣಿಸೋ ಎಲ್ರಿಗೂ ಒಂದಲ್ಲ ಒಂದು ದಿನ ಆಗೋದೇ. ಎರಡನ್ನೂ ಬರೀರಿ, ಆದ್ರೆ ಎರಡಕ್ಕೂ ಬೇರೆ ಹೆಸರು ಕೊಡಿ. 38 ಅನ್ನೋದು ಬಿಲದ ಸಾಂದ್ರತೆ, 17 ಅನ್ನೋದು ಆ ಹೊತ್ತಲ್ಲಿ ಹೊರಗೆ ಕಂಡ ಏಡಿಗಳ ಸಾಂದ್ರತೆ. ಸಾಮಾನ್ಯವಾಗಿ ಬಿಲ ಎಣಿಸಿದ್ರೆ ಲೆಕ್ಕ ಜಾಸ್ತಿ ಬರುತ್ತೆ, ಕಣ್ಣಲ್ಲಿ ನೋಡಿ ಎಣಿಸಿದ್ರೆ ಕಮ್ಮಿ ಬರುತ್ತೆ, ಅಸಲಿ ಸಂಖ್ಯೆ ಈ ಎರಡರ ನಡುವೆ ಎಲ್ಲೋ ಇರುತ್ತೆ.

ಬಿಲದ ಲೆಕ್ಕ ಯಾಕೆ ಜಾಸ್ತಿ ಅಂದ್ರೆ ಏಡಿ ಬಿಟ್ಟು ಹೋದ ಬಿಲ ತಕ್ಷಣ ಮುಚ್ಚೋಗಲ್ಲ, ಗಟ್ಟಿ ಕೆಸರಲ್ಲಂತೂ ಎಷ್ಟೋ ದಿನ ಹಾಗೇ ಬಾಯಿ ತೆರ್ಕೊಂಡಿರುತ್ತೆ. ಮತ್ತೆ ನಿಮ್ಮ ಜಾಗದಲ್ಲಿ ಮರದ ಬುಡಕ್ಕೆ ಹತ್ರ ಇರೋ, ಎಲೆ ತಿನ್ನೋ ಸೆಸಾರ್ಮಿಡ್ ಏಡಿಗಳೂ ಇರಬಹುದು, ಅವು ಒಂದೇ ಮನೆಗೆ ಎರಡು ಮೂರು ಬಾಗಿಲು ಇಡ್ತವೆ. ಅದನ್ನೂ ಫಿಡ್ಲರ್ ಲೆಕ್ಕಕ್ಕೆ ಸೇರಿಸಿಬಿಟ್ರೆ ಮುಗೀತು. ಉಲ್ಟಾನೂ ಆಗುತ್ತೆ: ಕೆಲವು ಏಡಿ ಮೇಲೆ ಕೆಸರಿನ ಮುಚ್ಚಳ ಹಾಕ್ಕೊಂಡು ಒಳಗೇ ಕೂತಿರ್ತವೆ, ಮರಿಗಳ ಬಿಲವೋ ಪೆನ್ಸಿಲ್ ಮೊನೆ ಚುಚ್ಚಿದ ಹಾಗೆ ಇರುತ್ತೆ, ಯಾರ ಕಣ್ಣಿಗೂ ಬೀಳಲ್ಲ.

ಗಂಡು ಹೆಣ್ಣಿನ ವಿಷಯ. 13ಕ್ಕೆ 4 ಅಂತ ನೋಡಿ ಹೆಣ್ಣು ಕಮ್ಮಿ ಆಗಿದೆ ಅಂತ ಮಾತ್ರ ಬರೀಬೇಡಿ ದಯವಿಟ್ಟು. ತುಂಬಾ ಜಾತಿಗಳಲ್ಲಿ ಮೊಟ್ಟೆ ಹೊತ್ತ ಹೆಣ್ಣು ಸುಮಾರು ಎರಡು ವಾರ ಬಿಲದೊಳಗೇ ಇರುತ್ತೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನ ದೊಡ್ಡ ಉಬ್ಬರ ಬಂದಾಗ ಮರಿ ಬಿಡೋಕೆ ಹೊರಗೆ ಬರುತ್ತೆ. ಗಂಡು ನೀರು ಇಳಿದಿರೋವಾಗ ಆ ದೊಡ್ಡ ಕೈ ಬೀಸ್ತಾ ಹೊರಗೇ ಹೆಚ್ಚು. ನೀವು ತಿಂಗಳಲ್ಲಿ ಯಾವ ದಿನ ಹೋದ್ರಿ ಅನ್ನೋದೇ ನಿಮ್ಮ ಸೆಕ್ಸ್ ರೇಶಿಯೋ ನಿರ್ಧಾರ ಮಾಡ್ಬಿಡುತ್ತೆ. ತಾರೀಖಿನ ಪಕ್ಕ ತಿಥಿ, ಇಳಿತದ ಟೈಮು ಎರಡೂ ಬರ್ಕೊಂಡಿದೀರಾ?

ಈಗ ಮಾಡಬೇಕಾದ್ದು ಅಗೆಯೋದು. ಎಲ್ಲ ಫ್ರೇಮೂ ಬೇಡ. ಹತ್ತೋ ಹನ್ನೆರಡೋ ಚೀಟಿ ಎತ್ತಿ ಆರಿಸಿ, ಮೊದ್ಲು ಬಿಲ ಎಣಿಸಿ, ಆಮೇಲೆ ಕೂತು ನೋಡಿ ಎಣಿಸಿ, ಕೊನೆಗೆ ಸಲಿಕೆ ಹಾಕಿ ಅಗೆದು ಕೈಗೆ ಸಿಕ್ಕ ಏಡಿ ಎಣಿಸಿ. ಒಂದು ಬಿಲಕ್ಕೆ ಸರಾಸರಿ ಎಷ್ಟು ಏಡಿ ಅನ್ನೋ ಅನುಪಾತ ಸಿಗುತ್ತಲ್ಲ, ಅದನ್ನ ಮೂರು ತಿಂಗಳ ಹಳೇ ಲೆಕ್ಕಕ್ಕೆ ಹಾಕಿದ್ರೆ ನಿಮ್ಮ ಶ್ರಮ ಯಾವುದೂ ವೇಸ್ಟ್ ಆಗಲ್ಲ. ನೀರಿನ ಕಡೆಯ ಮೆತ್ತನೆ ಕೆಸರಿಗೂ ಮರದ ಕಡೆಯ ಗಟ್ಟಿ ನೆಲಕ್ಕೂ ಅನುಪಾತ ಬೇರೆ ಬೇರೆ ತೆಗೀರಿ, ಒಂದೇ ಹಾಕ್ಬೇಡಿ.

ಅಂದಹಾಗೆ ಜಾತಿ ಗುರುತಿಸೋ ಹಳೇ ಕೀ ಪುಸ್ತಕ ಹಿಡ್ಕೊಂಡಿದ್ರೆ ಫಿಡ್ಲರ್ ಏಡಿ ಎಲ್ಲಾನೂ ಊಕಾ ಅನ್ನೋ ಒಂದೇ ಕುಲ ಅಂತ ಇರುತ್ತೆ. 2016ರಲ್ಲಿ ಆ ಕುಲ ಒಡೆದು ಟುಬುಕಾ, ಆಸ್ಟ್ರುಕಾ, ಗೆಲಾಸಿಮಸ್ ಅಂತೆಲ್ಲ ಬೇರೆ ಬೇರೆ ಮಾಡಿದಾರೆ. ವೈವಾದಲ್ಲಿ ಕೇಳಿಯೇ ಕೇಳ್ತಾರೆ.

ನಂಬದವ:

ಅಂದ್ರೆ ಎಲ್ಲಾ ಊಹೆನೇ ಅಂತಾಯ್ತು. ಏಡಿಗಾದ್ರೆ ಅಗೆದು ನೋಡ್ಬಹುದು ಸರಿ, ಸಮುದ್ರ ಅಗೆಯೋಕಾಗುತ್ತಾ? ಕಂಡಷ್ಟು ಎಣಿಸಿ ಮನಸ್ಸಿಗೆ ಬಂದಿದ್ದರಿಂದ ಗುಣಿಸ್ತಾರೆ, ಅಷ್ಟೇ.

ಗುಣಾಕಾರ:

@ನಂಬದವ ಗುಣಿಸೋದು ನಿಜ ಗುರು, ಆದ್ರೆ ಮನಸ್ಸಿಗೆ ಬಂದಿದ್ದರಿಂದ ಅಲ್ಲ.

ಡೆನ್ಮಾರ್ಕಿನ ಪೀಟರ್ಸನ್ ಅನ್ನೋರು 1896ರಷ್ಟು ಹಿಂದೆಯೇ ಪ್ಲೇಸ್ ಅನ್ನೋ ಚಪ್ಪಟೆ ಮೀನಿಗೆ ಗುರುತು ಹಾಕಿ ಬಿಡೋದ್ರ ಬಗ್ಗೆ ಬರೆದ್ರು, 1930ರಲ್ಲಿ ಲಿಂಕನ್ ಅನ್ನೋರು ಅದೇ ತರದ ಲೆಕ್ಕವನ್ನ ಅಮೆರಿಕದ ಬಾತುಕೋಳಿಗೆ ಹಾಕಿದ್ರು. ಒಂದಷ್ಟು ಪ್ರಾಣಿಗೆ ಗುರುತು ಹಾಕಿ ಬಿಡು, ಅವು ಉಳಿದವುಗಳ ಜೊತೆ ಬೆರೆಯಲಿ, ಆಮೇಲೆ ಮತ್ತೆ ನೋಡು, ಕಂಡಿದ್ರಲ್ಲಿ ಎಷ್ಟಕ್ಕೊಂದು ಗುರುತಿನದು ಅಂತ.

ಆಮೆಯಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ತುದಿಯ ರೇನ್ ದ್ವೀಪ. ಹಸಿರು ಕಡಲಾಮೆಗಳು ಅತಿ ಹೆಚ್ಚು ಮೊಟ್ಟೆ ಇಡೋ ಜಾಗ ಅದು. ರಾತ್ರಿ ದಡಕ್ಕೆ ಬಂದ ಹೆಣ್ಣಾಮೆ ಬೆನ್ನಿಗೆ ಒಂದು ಪಟ್ಟೆ ಬಿಳಿ ಪೇಂಟ್ ಬಳೀತಾರೆ, ವಿಷ ಇಲ್ಲದ್ದು, ಸ್ವಲ್ಪ ದಿನಕ್ಕೆ ತೊಳೆದು ಹೋಗುತ್ತೆ. ಮಾರನೇ ದಿನ ಸುತ್ತಲಿನ ನೀರಲ್ಲಿ ಪೇಂಟ್ ಇರೋದೆಷ್ಟು ಇಲ್ಲದ್ದೆಷ್ಟು ಅಂತ ಎಣಿಸ್ತಾರೆ. ಲೆಕ್ಕ ಅರ್ಥ ಆಗ್ಲಿ ಅಂತ ಹೇಳ್ತೀನಿ, 2000 ಆಮೆಗೆ ಪೇಂಟ್ ಬಳಿದಿದೀರಿ, ನೀರಲ್ಲಿ ಕಂಡ 3000ದಲ್ಲಿ 100ಕ್ಕೆ ಪೇಂಟ್ ಇತ್ತು ಅಂದ್ರೆ 30ಕ್ಕೆ ಒಂದು, ಹಾಗಾಗಿ ಒಟ್ಟು ಸುಮಾರು 60,000.

ಇಲ್ಲಿವರೆಗೆ ಪಾಠ, ಮುಂದಿನದು ನಿಮ್ಮ ಅನುಮಾನಕ್ಕೆ ಸಂಬಂಧಪಟ್ಟಿದ್ದು. ಮುಂಚೆ ದೋಣಿಯಲ್ಲಿ ನಿಂತು ಎಣಿಸ್ತಿದ್ರು. ಆಮೇಲೆ ಡ್ರೋನ್ ಹಾರಿಸಿ ವಿಡಿಯೋ ತೆಗೆದು, ಅದನ್ನ ನಿಧಾನಕ್ಕೆ ಕೂತು ಎಣಿಸಿದಾಗ ಗೊತ್ತಾಗಿದ್ದೇನಪ್ಪಾ ಅಂದ್ರೆ, ದೋಣಿ ಮೇಲಿದ್ದೋರ ಕಣ್ಣು ಬಿಳಿ ಪಟ್ಟೆ ಕಡೆಗೇ ಹೋಗ್ತಿತ್ತು! ಪೇಂಟ್ ಇರೋದು ಬೇಗ ಕಾಣುತ್ತೆ, ಇಲ್ಲದ್ದು ನೀರಿನ ಬಣ್ಣದಲ್ಲಿ ಸೇರ್ಕೊಂಡುಬಿಡುತ್ತೆ. 30ಕ್ಕೆ ಒಂದು ಇರೋದು 18ಕ್ಕೆ ಒಂದು ಅನ್ನಿಸಿಬಿಟ್ರೆ 60,000 ಇದ್ದಿದ್ದು 36,000 ಆಗೋಗುತ್ತೆ ನೋಡಿ. 2020ರಲ್ಲಿ ಬಂದ ಅವರ ಪೇಪರಲ್ಲಿ ಹಳೇ ಅಂದಾಜುಗಳನ್ನೆಲ್ಲ 1.73ರಿಂದ ಗುಣಿಸ್ಬೇಕು ಅಂತ ಬರೆದ್ರು, ಡ್ರೋನ್ ಲೆಕ್ಕದ ಅಂದಾಜು 64,000 ಆಮೆವರೆಗೆ ಹೋಯ್ತು. ಆ 1.73 ಎರಡು ವಿಧಾನವನ್ನ ಅಕ್ಕಪಕ್ಕ ಇಟ್ಟು ಅಳೆದಿದ್ದು. ಮೇಲೆ ಏಡಿಗುಳಿ ಅವ್ರು ಸಲಿಕೆ ತಗೊಳ್ಳಿ ಅಂದ್ರಲ್ಲ, ಅಲ್ಲಿ ಡ್ರೋನ್ ಮಾಡಿದ್ದೂ ಅದೇ ಕೆಲಸ.

ಕಡಲಹಸು, ಅಂದ್ರೆ ಡುಗಾಂಗಿಗೂ ಹೀಗೇ. ವಿಮಾನದಿಂದ ಎಣಿಸುವಾಗ ಮುಳುಗಿರೋದು ಕಾಣಲ್ಲ. ಅದಕ್ಕೆ ಡುಗಾಂಗ್ ಆಕಾರದ ಬೊಂಬೆ ಮಾಡಿ ನೀರಲ್ಲಿ ಬೇರೆ ಬೇರೆ ಆಳಕ್ಕೆ ಇಳಿಸಿ ಮೇಲಿಂದ ಎಲ್ಲಿವರೆಗೆ ಕಾಣುತ್ತೆ ಅಂತ ನೋಡ್ತಾರೆ, ಇನ್ನೊಂದು ಕಡೆ ಜೀವಂತ ಡುಗಾಂಗಿಗೆ ಆಳ ಅಳೆಯೋ ಯಂತ್ರ ಕಟ್ಟಿ ಅದು ಎಷ್ಟು ಹೊತ್ತು ಮೇಲಿರುತ್ತೆ ಅಂತ ತಿಳ್ಕೋತಾರೆ. ಎರಡೂ ಸೇರಿದ್ರೆ ಕಾಣದೇ ಹೋಗಿದ್ದೆಷ್ಟು ಅಂತ ಸಿಗುತ್ತೆ.

ನಂಬದವ:

ಸರಿ, ಪೇಂಟ್ ಕತೆ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಆಮೆ ಸುದ್ದಿ ಬಂದಾಗೆಲ್ಲ "ಈ ವರ್ಷ ಗೂಡು ಡಬಲ್" ಅಂತಾರೆ, ಮುಂದಿನ ವರ್ಷ ಅರ್ಧ ಅಂತಾರೆ. ಒಂದೇ ವರ್ಷದಲ್ಲಿ ಆಮೆ ಹುಟ್ಟಿ ಸತ್ತು ಹೋದ್ವಾ?

ಆಮೆಹಿಂದೆ:

ಇದಕ್ಕೆ ನಾನು ಉತ್ತರ ಹೇಳ್ತೀನಿ, ಯಾಕಂದ್ರೆ ಈ ತಲೆಬರಹ ನೋಡಿ ನೋಡಿ ನಂಗೂ ಸಾಕಾಗಿದೆ.

ಹಸಿರು ಕಡಲಾಮೆ ಪ್ರತಿ ವರ್ಷ ಮೊಟ್ಟೆ ಇಡಲ್ಲ. ಒಂದು ಸಲ ಬಂದು ಹೋದ್ರೆ ಮತ್ತೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ವರ್ಷ ಬಿಟ್ಟು ಬರುತ್ತೆ, ಬಂದ ವರ್ಷ ಮಾತ್ರ ಸುಮಾರು ಎರಡು ವಾರಕ್ಕೊಂದರ ಹಾಗೆ ಹಲವು ಗೂಡು ಮಾಡುತ್ತೆ, ಒಂದೊಂದ್ರಲ್ಲಿ ನೂರರ ಆಸುಪಾಸು ಮೊಟ್ಟೆ. ಹಾಗಾಗಿ ಗೂಡು ಡಬಲ್ ಆಯ್ತು ಅಂದ್ರೆ ಆಮೆ ಡಬಲ್ ಅಂತ ಅಲ್ಲ, ಮೇವು ಚೆನ್ನಾಗಿ ಸಿಕ್ಕಿ ಒಂದೇ ವರ್ಷ ತುಂಬಾ ಹೆಣ್ಣು ಹೊರಟ್ವು ಅಂತಾನೂ ಇರಬಹುದು. ಗ್ರೇಟ್ ಬ್ಯಾರಿಯರ್ ರೀಫಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗೋದು) ಆಗಿ ಸುಮಾರು ಎರಡು ವರ್ಷಕ್ಕೆ ಗೂಡು ಏರೋದನ್ನ 1980ರ ದಶಕದಲ್ಲೇ ಗುರುತಿಸಿದ್ರು. ಇದಕ್ಕೇ ಹತ್ತಾರು ವರ್ಷ ಒಂದೇ ದಡದಲ್ಲಿ ಕೂರೋರು ಬೇಕು. ಕೋಸ್ಟಾರಿಕಾದ ಟೋರ್ಟುಗೆರೊದಲ್ಲಿ ಆಮೆ ವಿಜ್ಞಾನಿ ಆರ್ಚಿ ಕಾರ್ 1955ರಲ್ಲಿ ಆಮೆ ರೆಕ್ಕೆಗೆ ಲೋಹದ ಬಿಲ್ಲೆ ಹಾಕೋಕೆ ಶುರು ಮಾಡಿದ್ರು, ಆ ಕೆಲಸ ಅವರ ನಂತರವೂ ನಡೀತಾ ಬಂದಿದೆ.

ಎಣಿಸ್ತಾ ಕೂತಿದ್ದಕ್ಕೆ ಗೊತ್ತಾಗಿದ್ದೂ ಇದೆ. ಅದೇ ಕೋಸ್ಟಾರಿಕಾದ ಪೆಸಿಫಿಕ್ ಕಡೆ ಪ್ಲಾಯಾ ಗ್ರಾಂಡೆಯಲ್ಲಿ ಲೆದರ್‌ಬ್ಯಾಕ್ ಅನ್ನೋ ಕಡಲಾಮೆಯ ಹೆಣ್ಣುಗಳು 1988-89ರಲ್ಲಿ 1,367, ಹತ್ತು ವರ್ಷ ಬಿಟ್ಟು 1998-99ರಲ್ಲಿ 117. ಅಷ್ಟು ದೊಡ್ಡ ಇಳಿತವನ್ನ ವರ್ಷದ ಏರುಪೇರು ಅಂತ ತಳ್ಳಿ ಹಾಕೋಕಾಗಲ್ಲ.

ಇನ್ನೊಂದು ವಿಷಯ, ಗೂಡಿನ ಲೆಕ್ಕದಲ್ಲಿ ಗಂಡಾಮೆ ಅನ್ನೋದೇ ಇಲ್ಲ. ದಡಕ್ಕೆ ಬರೋದು ಹೆಣ್ಣು ಮಾತ್ರ. ಮರಿ ಗಂಡೋ ಹೆಣ್ಣೋ ಅನ್ನೋದು ಮರಳಿನ ಬಿಸಿ ಮೇಲೆ ಹೋಗುತ್ತೆ, ಸುಮಾರು 29 ಡಿಗ್ರಿ ಹತ್ರ ಅರ್ಧ ಅರ್ಧ, ಮೇಲೆ ಹೋದಷ್ಟೂ ಹೆಣ್ಣು. ಮೇಲೆ ಹೇಳಿದ ರೇನ್ ದ್ವೀಪದ ಕಡೆಯ ಉತ್ತರದ ದಡಗಳಿಂದ ಬಂದ ಎಳೇ ಆಮೆಗಳನ್ನ ಮೇಯೋ ಜಾಗದಲ್ಲಿ ಹಿಡಿದು ನೋಡಿದ್ರೆ 99 ಪರ್ಸೆಂಟಿಗಿಂತ ಜಾಸ್ತಿ ಹೆಣ್ಣು, 2018ರಲ್ಲಿ ಪ್ರಕಟವಾಯ್ತು. ಈ ಹೆಣ್ಣುಗಳು ದೊಡ್ಡವಾಗೋಕೆ ಇಪ್ಪತ್ತು ಮೂವತ್ತು ವರ್ಷ ಬೇಕು, ಆಗ ಗೂಡು ಒಂದಷ್ಟು ಕಾಲ ಏರಿದ್ರೂ ಏರಬಹುದು, ಎಲ್ರೂ ಖುಷಿ ಪಡ್ತಾರೆ, ಗಂಡು ಸಾಲದೆ ಮೊಟ್ಟೆ ಒಳಗೆ ಮರಿ ಕಟ್ಟುತ್ತಾ ಇಲ್ವಾ ಅಂತ ಯಾರು ನೋಡ್ತಾರೆ.

ಏಡಿಗುಳಿ:

@ಆಮೆಹಿಂದೆ ಗ್ರೂಪರ್ ಮೀನಿನ ಕತೆಯೂ ಹೀಗೇ, ಮೊಟ್ಟೆ ಇಡೋ ಜಾಗದ ಲೆಕ್ಕ ಮೋಸ ಮಾಡುತ್ತೆ. ಕೆರಿಬಿಯನ್ನಿನ ನಾಸಾವ್ ಗ್ರೂಪರ್ ಚಳಿಗಾಲದ ಹುಣ್ಣಿಮೆ ಹತ್ರ ಒಂದೇ ಜಾಗಕ್ಕೆ ಸಾವಿರಗಟ್ಟಲೆ ಸೇರುತ್ತೆ ಮೊಟ್ಟೆ ಇಡೋಕೆ. ಒಟ್ಟು ಸಂಖ್ಯೆ ಕುಸೀತಾ ಇದ್ರೂ ಉಳಿದವೆಲ್ಲ ಅಲ್ಲಿಗೇ ಬರೋದ್ರಿಂದ ಬಲೆ ತುಂಬ್ತಾನೇ ಇರುತ್ತೆ, ಇನ್ನೂ ಬೇಕಾದಷ್ಟಿದೆ ಅನ್ಸುತ್ತೆ. ಆಮೇಲೆ ಒಂದು ವರ್ಷ ಇದ್ದಕ್ಕಿದ್ದ ಹಾಗೆ ಖಾಲಿ. ಎಷ್ಟೋ ಕಡೆ ಹೀಗೇ ಆಗಿದೆ.

ಗುಣಾಕಾರ:

ಶಾರ್ಕ್ ಬಗ್ಗೆ ಕೇಳಿದ್ರಲ್ಲ, ಮರೆತೆ. ಹವಳದ ದಿಬ್ಬದಲ್ಲಿ ಕ್ಯಾಮೆರಾ ಮುಂದೆ ಮೀನಿನ ತುಂಡಿನ ಡಬ್ಬಿ ಕಟ್ಟಿ ಇಳಿಸ್ತಾರೆ. ಅದೇ ಶಾರ್ಕ್ ಐದು ಸಲ ಬಂದು ಹೋದ್ರೆ ಐದು ಅಂತ ಎಣಿಸ್ಬಾರ್ದಲ್ಲ, ಅದಕ್ಕೆ ಒಂದೇ ಫ್ರೇಮಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಬರ್ಕೋತಾರೆ. ಕಮ್ಮಿ ಬರುತ್ತೆ ಅಂತ ಗೊತ್ತಿದ್ದೇ ಹಾಗೆ ಮಾಡ್ತಾರೆ, ಎಲ್ಲ ಕಡೆ ಒಂದೇ ತರ ಮಾಡಿದ್ರೆ ಹೋಲಿಸೋಕೆ ಅಡ್ಡಿ ಇಲ್ಲ. ಗ್ಲೋಬಲ್ ಫಿನ್‌ಪ್ರಿಂಟ್ ಅನ್ನೋ ಸರ್ವೆಯಲ್ಲಿ 58 ದೇಶದ 371 ದಿಬ್ಬಗಳನ್ನ ಹೀಗೇ ನೋಡಿದ್ರು, ಹೆಚ್ಚುಕಮ್ಮಿ ಐದರಲ್ಲೊಂದು ದಿಬ್ಬದಲ್ಲಿ ಒಂದು ಶಾರ್ಕೂ ಕ್ಯಾಮೆರಾಗೆ ಬೀಳ್ಲಿಲ್ಲ. ತಿಮಿಂಗಿಲ ಶಾರ್ಕಿಗಂತೂ ಮೈ ಮೇಲಿನ ಚುಕ್ಕಿ ಫೋಟೋನೇ ಆಧಾರ್ ಕಾರ್ಡ್. ಆ ಚುಕ್ಕಿ ಹೊಂದಿಸೋ ಪ್ರೋಗ್ರಾಮು ಮೂಲದಲ್ಲಿ ಆಕಾಶದ ನಕ್ಷತ್ರ ಹೊಂದಿಸೋಕೆ ಮಾಡಿದ್ದು!

ಕೆಸರುಕಾಲು:

ಅಬ್ಬಾ, ಎಲ್ರಿಗೂ ಥ್ಯಾಂಕ್ಸ್. ತಾರೀಖು ಟೈಮು ಬರ್ಕೊಂಡಿದೀನಿ, ತಿಥಿ ಇಲ್ಲ, ಕ್ಯಾಲೆಂಡರ್ ನೋಡಿ ತುಂಬಿಸ್ತೀನಿ. ಆ 13:4 ಬಂದ ದಿನ ನೋಡಿದೆ, ಅಮಾವಾಸ್ಯೆಗೆ ಇನ್ನೂ ಆರು ದಿನ ಇತ್ತು :( ಮುಂದಿನ ವಾರ ಹನ್ನೆರಡು ಫ್ರೇಮ್ ಅಗೆಯೋದು ಅಂತ ಗೈಡ್ ಹತ್ರ ಒಪ್ಪಿಸಿದೀನಿ. ಅಗೆದ ಏಡಿನ ಏನು ಮಾಡ್ಲಿ, ಮತ್ತೆ ಅಲ್ಲೇ ಬಿಟ್ರೆ ಬದುಕುತ್ವಾ?

ಏಡಿಗುಳಿ:

ಅಳತೆ ತಗೊಂಡು, ಗಂಡು ಹೆಣ್ಣು ಬರ್ಕೊಂಡು, ನೆರಳಲ್ಲಿ ಒದ್ದೆ ಬಕೆಟಲ್ಲಿ ಇಟ್ಟು, ನೀರು ಏರೋಕೆ ಸಾಕಷ್ಟು ಮುಂಚೆ ಅಲ್ಲೇ ಬಿಡಿ, ಬಿಲ ತೋಡ್ಕೋತವೆ. ಒಂದರ ಮೇಲೊಂದು ರಾಶಿ ಹಾಕ್ಬೇಡಿ, ಕೈ ಮುರ್ಕೋತವೆ. ಆಮೇಲೆ ಫ್ರೇಮ್ ಇಡೋಕೆ ಮುಂಚೆ ಅದರೊಳಗೆ ಕಾಲಿಡ್ಬೇಡಿ, ಒಂದು ಹೆಜ್ಜೆಗೆ ಐದಾರು ಬಿಲ ಮುಚ್ಚೋಗುತ್ತೆ. ಆ 6 ಬಂದ ಫ್ರೇಮ್ ಇತ್ತಲ್ಲ, ಅಲ್ಲಿ ನಿಂತ್ಕೊಂಡೇ 38 ಎಣಿಸಿದ್ರಾ ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ.

ಕೆಸರುಕಾಲು:

ಅಯ್ಯೋ. ಹೌದು.