ಮನೆ-ತೋಟ ಕಳೆದುಕೊಂಡವರ ಮುಂದೆ ಯಾವ ಡಾಕ್ಯುಮೆಂಟರಿ ತೋರಿಸಬಹುದು?

ಮಾದಾಪುರ_ಮಳೆ:
ಎಲ್ಲರಿಗೂ ನಮಸ್ಕಾರ. ನಮ್ಮ ಯುವಕ ಸಂಘದಿಂದ ಕೊಡಗಿನ ಮಾದಾಪುರದ ಹತ್ತಿರ ಒಂದು ಸಂಜೆ ಡಾಕ್ಯುಮೆಂಟರಿ ತೋರಿಸಬೇಕು ಅಂತಿದ್ದೇವೆ. ಬರುವವರಲ್ಲಿ ತುಂಬಾ ಜನ 2018ರ ಆಗಸ್ಟ್‌ನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದು ಮನೆ, ತೋಟ ಕಳೆದುಕೊಂಡವರು. ಈಗ ಜಂಬೂರಿನ ಹೊಸ ಮನೆಗಳಲ್ಲಿದ್ದಾರೆ. ಊರು ಬಿಟ್ಟವರು, ಕಾಡು, ಕಲೆ ಇವುಗಳ ಬಗ್ಗೆ ಏನಾದರೂ ಬೇಕು. ಆದರೆ ನೋಡಿದವರಿಗೆ ಆ ರಾತ್ರಿಯೇ ಮತ್ತೆ ಕಣ್ಣಮುಂದೆ ಬರಬಾರದು. ಸುಮ್ನೆ ಧೈರ್ಯ ಹೇಳುವ ಭಾಷಣವೂ ಬೇಡ. ಇಂಗ್ಲಿಷ್ ಬಾರದ ಅಜ್ಜಿಯರೂ ಇರುತ್ತಾರೆ.

ವಿರಾಜಪೇಟೆ_ಜೇನು:
ಕಣ್ಣು ಮುಚ್ಚಿ 'ಹನಿಲ್ಯಾಂಡ್' ತೋರಿಸಿ. ಉತ್ತರ ಮ್ಯಾಸಿಡೋನಿಯಾದ್ದು, 2019ರಲ್ಲಿ ಬಂದದ್ದು. ಕರೆಂಟ್ ಇಲ್ಲದ ಹಳ್ಳಿ, ಹಾಸಿಗೆ ಹಿಡಿದ ತಾಯಿ, ಜೇನು ಸಾಕುವ ಮಗಳು ಹತೀಜೆ. ಅರ್ಧ ನನಗೆ, ಅರ್ಧ ನಿಮಗೆ ಅಂತ ಹುಳುಗಳಿಗೆ ಹೇಳಿಯೇ ಜೇನು ತೆಗೆಯುತ್ತಾಳೆ. ಆಮೇಲೆ ಪಕ್ಕಕ್ಕೆ ದೊಡ್ಡ ಅಲೆಮಾರಿ ಕುಟುಂಬವೊಂದು ಬರುತ್ತೆ, ಅವರೂ ಜೇನು ಸಾಕುತ್ತಾರೆ, ವ್ಯಾಪಾರಿ ಒತ್ತಾಯ ಮಾಡಿದ ಅಂತ ಹುಳುಗಳಿಗೆ ಬಿಡಬೇಕಾದದ್ದನ್ನೂ ತೆಗೆದು ಮಾರುತ್ತಾರೆ, ಕೊನೆಗೆ ಅವರ ಹುಳುಗಳು ಇವಳ ಗೂಡಿಗೆ ನುಗ್ಗುತ್ತವೆ. ಆದರೂ ಅವರನ್ನು ಕೆಟ್ಟವರು ಅಂತ ತೋರಿಸಿಲ್ಲ. ಆ ಮನೆಯಲ್ಲೂ ಹೊಟ್ಟೆಗೆ ಬೇಕಾದ ಮಕ್ಕಳಿದ್ದಾರೆ, ಅಲ್ವಾ?

ನಮ್ಮ ಹಿರಿಯರಿಗೆ ಇದು ತಟ್ಟುತ್ತೆ. 90ರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದದ್ದನ್ನು ಅವರು ಕಂಡವರು. ಭಾಷೆಯ ಚಿಂತೆಯೂ ಕಡಿಮೆ. ಹತೀಜೆಯ ಹಳೆಯ ತುರ್ಕಿ ಮಾತು ಚಿತ್ರತಂಡಕ್ಕೇ ಅರ್ಥವಾಗುತ್ತಿರಲಿಲ್ಲ. ಮೊದಲು ಬರೀ ದೃಶ್ಯ ನೋಡಿ ಎಡಿಟ್ ಮಾಡಿದರು. ಹಾಗಾಗಿ ಮುಖ ನೋಡಿದರೇ ಕಥೆ ತಿಳಿಯುತ್ತೆ.

ಸಿದ್ದಾಪುರ_ಟೀಚರ್:
ಯಾರಾದರೂ 'ದಿ ಎಲಿಫೆಂಟ್ ವಿಸ್ಪರರ್ಸ್' ಹೇಳೇ ಹೇಳುತ್ತಾರೆ, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ಮುದುಮಲೆಯ ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿಯ ಕಥೆ. 2023ರಲ್ಲಿ ಆಸ್ಕರ್ ಬಂತು. ಪ್ರೀತಿಯಿಂದ ತೆಗೆದಿದ್ದಾರೆ, ನನಗೂ ಇಷ್ಟ. ಆದರೆ ಕಾಡಿನ ಜನ ಕಾಡಿನಿಂದ ಹೊರಬಿದ್ದ ಕಥೆ ಅದರಲ್ಲಿಲ್ಲ. ನಮ್ಮಲ್ಲಿ ಆನೆ ಪಳಗಿಸುವ ಜೇನು ಕುರುಬ ಆದಿವಾಸಿಗಳದೇ ಎಷ್ಟೋ ಕುಟುಂಬಗಳು ನಾಗರಹೊಳೆ ಕಾಡಿನಿಂದ ಹೊರಬಂದು ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿವೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಕಳಿಸಿದ್ದು ಯಾರೂ ಮರೆತಿಲ್ಲ. ಬರೆ ಕುಸಿದು ಊರು ಬಿಡುವುದು ಬೇರೆ, ಎಬ್ಬಿಸಿ ಕಳಿಸುವುದು ಬೇರೆ. ತೋರಿಸುವುದಾದರೆ ಹಾಡಿಯವರನ್ನೂ (ಆದಿವಾಸಿ ಕೇರಿಗಳವರನ್ನೂ) ಕರೆಯಿರಿ. ಸಿನಿಮಾ ಮುಗಿದ ಮೇಲೆ ಮೊದಲ ಮಾತು ಅವರದ್ದಾಗಲಿ.

ಕಾಫಿಕಣ:
ಕಲೆ ಅಂದರೆ 'ರಿವರ್ಸ್ ಅಂಡ್ ಟೈಡ್ಸ್', 2001ರದ್ದು. ಅದರಲ್ಲಿ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿ ಎಲೆ, ಮಂಜುಗಡ್ಡೆ, ಕಲ್ಲು ಬಳಸಿ ಹೊರಗೇ ಏನಾದರೂ ಮಾಡುತ್ತಾ ಇರುತ್ತಾನೆ. ಕಡಲ ದಡದಲ್ಲಿ ಕಲ್ಲು ಜೋಡಿಸುತ್ತಾನೆ, ಬೀಳುತ್ತೆ, ಮತ್ತೆ ಜೋಡಿಸುತ್ತಾನೆ. ಎದ್ದು ನಿಲ್ಲುವುದು ಅಂದರೆ ಇದೇ ಅನಿಸಿತು.

ಜಂಬೂರಿನವಳು:
ಅಣ್ಣ, ಸಿನಿಮಾ ಚೆನ್ನಾಗಿರಬಹುದು. ಆದರೆ ಅವನು ಬೀಳುತ್ತೆ ಅಂತ ಗೊತ್ತಿದ್ದೇ ಕಟ್ಟುವವನು. ನಮ್ಮ ಅತ್ತೆ ಕಟ್ಟಿದ ಮನೆ ಬೀಳಲಿ ಅಂತ ಕಟ್ಟಿದ್ದಲ್ಲ. ಅದು ಈ ಸಂಜೆಗೆ ಬೇಡ.

ಗುಡ್ಡ ಜಾರಿದ ವಿಡಿಯೋ ನಾವು ಮೊಬೈಲಿನಲ್ಲಿ ಸಾಕಾಗುವಷ್ಟು ನೋಡಿದ್ದೇವೆ. ಕ್ಯಾಮೆರಾ ಹಿಡಿದು ಬಂದವರೂ ಅದನ್ನೇ ಕೇಳುತ್ತಾರೆ, ಆ ದಿನ ಏನಾಯ್ತು ಅಂತ. ಆಮೇಲೆ ಹೇಗೆ ಬದುಕಿದಿರಿ ಅಂತ ಯಾರೂ ಕೇಳಲ್ಲ. ತೋಟ ಉಳಿದವರು ಈಗಲೂ ಕಾಫಿ ಕುಯ್ಯಲು ಹಳೇ ಊರಿಗೇ ಹೋಗಿಬರುತ್ತಾರೆ. ಇಲ್ಲಿ ಅಕ್ಕಪಕ್ಕ ಹೊಸಬರು, ಹೊಂದಿಕೊಳ್ಳಲು ಕಾಲ ಬೇಕು. ಅದಕ್ಕೇ ನನ್ನ ಓಟು ಜೇನಿನ ಸಿನಿಮಾಕ್ಕೆ. ಅದರಲ್ಲೂ ಪಕ್ಕದ ಮನೆಯವರ ಜೊತೆ ಬಾಳುವ ವಿಷಯವೇ ಇದೆ.

ವಿರಾಜಪೇಟೆ_ಜೇನು:
ಅಕ್ಕ, ನೀವು ಹೇಳಿದ್ದು ಸರಿ. ಸಂಘದವರಿಗೆ ಇನ್ನೊಂದು ಮಾತು. ಯಾರದ್ದೋ ಓಟಿಟಿ ಅಕೌಂಟಿನಿಂದ ಸಾರ್ವಜನಿಕವಾಗಿ ತೋರಿಸಬೇಡಿ, ವಿತರಕರಿಗೆ ಮೇಲ್ ಬರೆದು ಅನುಮತಿ ಕೇಳಿ. ಮಳೆಗಾಲವೂ ಬೇಡ, ಕರೆಂಟ್ ನಂಬುವಂತಿಲ್ಲ.

ಮಾದಾಪುರ_ಮಳೆ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಹನಿಲ್ಯಾಂಡ್, ಕಾಫಿ ಕುಯ್ಲು ಶುರುವಾಗುವ ಮೊದಲು. ಟೀಚರ್, ಹಾಡಿಯವರನ್ನು ಕರೆಯಲು ನಿಮ್ಮ ಜೊತೆಗೇ ಬರುತ್ತೇನೆ, ಯಾವ ಭಾನುವಾರ ಆಗುತ್ತೆ ಹೇಳಿ. ಸಬ್‌ಟೈಟಲ್ ಓದಿ ನಮ್ಮ ಕಡೆಯ ಅರೆಭಾಷೆಯಲ್ಲಿ ಜೋರಾಗಿ ಹೇಳುವವರೊಬ್ಬರು ಬೇಕು. ಜಂಬೂರಿನ ಅಕ್ಕ, ನಿಮ್ಮಿಂದ ಆಗುತ್ತಾ?